ಗಡಿಗೆ ಹೋದವನ ಮನೆಯಲ್ಲಿ ಬಾಣಂತಿ: ಕೊಡಗಿನ ಒಂದು ಪ್ರಕರಣ

ಇಪ್ಪತ್ತಾರು ವರ್ಷದ ಹೆಣ್ಣುಮಗಳು. 2025ರ ಏಪ್ರಿಲ್ ಮಧ್ಯದಲ್ಲಿ ಸಿಸೇರಿಯನ್ ಆಗಿ ಚೊಚ್ಚಲ ಹೆರಿಗೆ. ಹೆಣ್ಣು ಮಗು, ಹುಟ್ಟಿದಾಗ ತೂಕ 2.9 ಕೆ.ಜಿ. ಗಂಡ ಭೂಸೇನೆಯಲ್ಲಿ ನಾಯಕ್. ಹೆರಿಗೆಗೆಂದೇ ಉಳಿಸಿಕೊಂಡಿದ್ದ ವಾರ್ಷಿಕ ರಜೆಯಲ್ಲಿ ಊರಿಗೆ ಬಂದಿದ್ದ. ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು, ರಜೆ ರದ್ದಾಯಿತು. ಮಗುವಿಗೆ ತಿಂಗಳು ತುಂಬುವ ಮೊದಲೇ ಆತ ಮೈಸೂರಿನಲ್ಲಿ ರೈಲು ಹತ್ತಿದ. ಮೇ ಕೊನೆಯಲ್ಲಿ, ನಲವತ್ತೆರಡನೇ ದಿನದ ಮನೆಭೇಟಿಗೆ ಹೋದ ಆಶಾ ಕಾರ್ಯಕರ್ತೆ ಮಗುವನ್ನು ತೂಗಿದರೆ 3.3 ಕೆ.ಜಿ. ಮಾತ್ರ. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂರಲಿಲ್ಲ. ಆರನೇ ವಾರದ ಲಸಿಕೆಗೆ ಯಾವಾಗ ಬರುತ್ತೀರಿ ಎಂದು ಕೇಳಿದ್ದಕ್ಕೆ ಅತ್ತೆ ಉತ್ತರಿಸಿದರು, ಆಕೆಯಲ್ಲ. ಮುಂದಿನ ಲಸಿಕೆ ದಿನಕ್ಕೂ ಯಾರೂ ಬರಲಿಲ್ಲ.

ಆಶಾ ನನಗೆ ಹೇಳಿದ್ದು ಇಷ್ಟೇ: "ಅದು ಆರ್ಮಿ ಮನೆ ಸಿಸ್ಟರ್, ನೀವೇ ಒಂದ್ಸಲ ಹೋಗಿ ಬನ್ನಿ."

ಇದನ್ನು ಆ ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಬರೆದದ್ದನ್ನು ಆಕೆಗೆ ಓದಿ ಹೇಳಿ, ಬೇಡವೆಂದದ್ದನ್ನು ತೆಗೆದಿದ್ದೇನೆ. ಊರು, ಮನೆತನ, ಜಾತಿ, ರೆಜಿಮೆಂಟ್ ಯಾವುದನ್ನೂ ಹೇಳುವುದಿಲ್ಲ. ಕೊಡಗು ಚಿಕ್ಕ ಜಿಲ್ಲೆ. ಮನೆಹೆಸರು ಬಾಯಿಗೆ ಬಂದರೆ ಸಾಕು, ಮೂರನೇ ಮಾತಿಗೆ ಗಂಡ ಯಾವ ಪಲ್ಟನ್ ಎನ್ನುವುದೂ ಹೊರಬೀಳುತ್ತದೆ.

ನಾನು ಶುಶ್ರೂಷಕಿ, ಸೈನಿಕನ ಹೆಂಡತಿ. ಬಿಡುವಾದಾಗ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಹೆಂಗಸರ ಜತೆ ಸೇರಿ ಪಿಂಚಣಿ ಕಾಗದ, ಆಸ್ಪತ್ರೆ ಓಡಾಟ, ಸಾವಿನ ಮನೆಯ ಕೆಲಸಗಳಿಗೆ ಕೈಜೋಡಿಸುತ್ತೇನೆ. ನರ್ಸ್, ಸೈನಿಕನ ಹೆಂಡತಿ, ಸಂಘದವಳು, ಈ ಮೂರರಲ್ಲಿ ಯಾವುದಾಗಿ ಆ ಮನೆಗೆ ಹೋಗುತ್ತಿದ್ದೇನೆ ಎಂಬುದನ್ನು ಹೋಗುವ ಮೊದಲೇ ನಿರ್ಧರಿಸಬೇಕಿತ್ತು. ನರ್ಸ್ ಆಗಿ ಹೋದರೆ ಪಕ್ಕದ ತೋಟದವರಿಗೂ ಸುದ್ದಿಯಾಗುತ್ತದೆ. ಸೈನಿಕನ ಹೆಂಡತಿಯಾಗಿ ಹೋದರೆ ಅತ್ತೆ ಕಾಫಿ ಕೊಟ್ಟು ಕೂರಿಸುತ್ತಾರೆ, ಯಾರೂ ಯಾಕೆಂದು ಕೇಳುವುದಿಲ್ಲ. ಹಾಗೇ ಹೋದೆ. ಆದರೆ ಕೋಣೆಯೊಳಗೆ ಆಕೆಯೊಬ್ಬಳೇ ಸಿಕ್ಕಾಗ ಮೊದಲ ಮಾತಿಗೇ ಹೇಳಿದೆ: "ನಾನು ನರ್ಸ್. ನೀನು ಹೇಳಿದ್ದು ನಿನ್ನನ್ನು ಕೇಳದೆ ಅತ್ತೆಗೂ ಹೋಗಲ್ಲ, ಸಂಘಕ್ಕೂ ಹೋಗಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆ ಮಾತು, ಆಗಲೂ ನಿನಗೆ ಹೇಳಿಯೇ ಮಾಡ್ತೀನಿ." ಬಾಗಿಲು ತೆರೆಸಿದ್ದು ಸೈನಿಕನ ಹೆಂಡತಿಯೆಂಬ ಗುರುತು. ಒಳಗೆ ಕೂತ ಮೇಲೆ ಆ ಗುರುತಿನ ಹಿಂದೆ ಅಡಗಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆ, ಮಳೆ, ಟಿವಿ

ಡಾಂಬರು ರಸ್ತೆ ಬಿಟ್ಟು ತೋಟದೊಳಗೆ ಸಾಕಷ್ಟು ದೂರ ನಡೆದರೆ ಆ ಮನೆ. ಮಾವ ಹವಾಲ್ದಾರ್ ಆಗಿ ನಿವೃತ್ತರು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಅವರೂ ಒಂದು ಅವಧಿ ಇದ್ದರು. ಅತ್ತೆ ತಮ್ಮ ಮೊದಲ ಮಗುವನ್ನು ಹೆತ್ತದ್ದು ಅದೇ ಕಾಲದಲ್ಲಿ, ಗಂಡನ ಇನ್‌ಲ್ಯಾಂಡ್ ಕಾಗದಕ್ಕೆ ವಾರಗಟ್ಟಲೆ ಕಾಯುತ್ತ. ಈ ಹೆಣ್ಣುಮಗಳು ಹುಣಸೂರು ಕಡೆಯವಳು, ಬಯಲುಸೀಮೆಯ ಬಿಸಿಲಲ್ಲಿ ಬೆಳೆದವಳು. ತಾಯಿ ಇಲ್ಲ. ಹಾಗಾಗಿ ಬಾಣಂತನ ತವರಿನಲ್ಲಿ ಆಗಲಿಲ್ಲ. ಬಸಿರಿನ ಏಳನೇ ತಿಂಗಳವರೆಗೆ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡನ ಮನೆಯ ಮಾತು ಕನ್ನಡವಲ್ಲ. ಆಕೆಗೆ ಅರ್ಧ ಅರ್ಥವಾಗುತ್ತದೆ, ನಗುವಾಗ ಎಲ್ಲರೊಂದಿಗೆ ಒಂದು ಕ್ಷಣ ತಡವಾಗಿ ನಗುತ್ತಾಳೆ.

ಮೇ 7ರಿಂದ 10ರವರೆಗಿನ ದಿನಗಳಲ್ಲಿ ಸೈನಿಕರ ಮನೆಗಳಲ್ಲಿ ಟಿವಿ ಹೇಗೆ ಉರಿಯುತ್ತಿತ್ತು ಎಂಬುದು ನನಗೆ ಗೊತ್ತು. ಎಲ್ಲೋ ಆದದ್ದು, ಎಲ್ಲೂ ಆಗದ್ದು, ಎರಡೂ ಒಂದೇ ದನಿಯಲ್ಲಿ, ಒಂದೇ ಕೆಂಪು ಅಕ್ಷರದಲ್ಲಿ. ಮೇ 10ರಂದು ಗುಂಡಿನ ಸದ್ದು ನಿಂತಿತೆಂಬ ಸುದ್ದಿ ಬಂದರೂ ಈ ಮನೆಯ ಟಿವಿ ನಿಲ್ಲಲಿಲ್ಲ. ಮಾವ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೋಡುತ್ತಿದ್ದರು. ಬಾಣಂತಿಯ ಕೋಣೆಗೂ ಟಿವಿ ಇದ್ದ ಹಜಾರಕ್ಕೂ ನಡುವೆ ಒಂದು ಹಲಗೆ ಗೋಡೆ ಅಷ್ಟೇ. ಗಂಡ ಎಲ್ಲಿದ್ದಾನೆ ಎಂದು ಹೇಳುವ ಹಾಗಿರಲಿಲ್ಲ, ಫೋನು ಬಂದ ದಿನ ಬಂತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ಅದರ ಬೆನ್ನಿಗೇ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಯಿತು, ಕರೆಂಟ್ ಹೋದ ಮೇಲೆ ಟವರ್ ಹೋಯಿತು. ಆಗ ಟಿವಿ ನಿಂತಿತು ನಿಜ, ಜತೆಗೆ ಫೋನೂ ನಿಂತಿತು. ಸುದ್ದಿಯಿಲ್ಲದ ದಿನಗಳನ್ನು ಆಕೆ ಕೆಟ್ಟ ಸುದ್ದಿಯ ದಿನಗಳೆಂದೇ ಎಣಿಸಿದಳು.

ಇದರ ನಡುವೆ ಇನ್ನೊಂದು ನಡೆಯಿತು. ಊರಿನವರು ಪ್ರೀತಿಯಿಂದಲೇ ಸೈನಿಕರ ಮನೆಯವರನ್ನು ಕರೆದು ಸನ್ಮಾನ ಮಾಡಿದರು. ಹೆರಿಗೆಯಾಗಿ ಐದನೇ ವಾರ, ಹೊಲಿಗೆ ಇನ್ನೂ ಎಳೆಯುತ್ತಿತ್ತು. ಆಕೆಯನ್ನೂ ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸಿದರು. ಫೋಟೋದಲ್ಲಿ ಆಕೆ ನಗುತ್ತಿದ್ದಾಳೆ. ಆ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತು. "ಎಷ್ಟು ಧೈರ್ಯವಂತೆ" ಎಂದು ಎಲ್ಲರೂ ಬರೆದರು. ನಾನು ಮನೆಗೆ ಹೋದಾಗ ಅತ್ತೆ ಮೊದಲು ತೋರಿಸಿದ್ದೂ ಅದೇ ಫೋಟೋ. ಸೊಸೆಗೆ ಏನೂ ಆಗಿಲ್ಲ ಎನ್ನಲು ಅವರಲ್ಲಿದ್ದ ಸಾಕ್ಷಿ ಅದು.

ಕಾರಿಯಪ್ಪನವರ ಊರು, ತಿಮ್ಮಯ್ಯನವರ ಊರು ಎಂದು ಹೇಳಿಕೊಳ್ಳುವಾಗ ನನ್ನ ಎದೆಯೂ ಉಬ್ಬುತ್ತದೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಕೋಣೆ ಕೋಣೆ ತೋರಿಸಿದವಳು ನಾನು. ಆ ಹೆಮ್ಮೆ ಸುಳ್ಳಲ್ಲ. ಆದರೆ ಈ ಮನೆಯಲ್ಲಿ ಅದು ಒಂದು ಕೆಲಸ ಮಾಡಿತ್ತು: ಬಾಣಂತಿಯ ಬಾಯಿ ಮುಚ್ಚಿಸಿತ್ತು. ಸೈನಿಕನ ಹೆಂಡತಿ ಅತ್ತರೆ ಗಡಿಯಲ್ಲಿರುವವನಿಗೆ ಕೇಡು ಎಂದು ಯಾರೋ ಬಂಧುಗಳು ಹೇಳಿದ್ದರಂತೆ. ಆಕೆ ಅದನ್ನು ನಂಬಿ, ಅಳು ಬಂದಾಗಲೆಲ್ಲ ತುಟಿ ಕಚ್ಚಿ ತಡೆಯುತ್ತಿದ್ದಳು.

ಕಂಡದ್ದು

ಹೆರಿಗೆಯಾದ ಮೊದಲ ಎರಡು ವಾರ ಅಳು, ಸಿಡುಕು, ಭಯ ಬಂದು ಹೋಗುವುದು ಬಹಳ ತಾಯಂದಿರಲ್ಲಿ ಸಹಜ. ಅದು ಚಿಕಿತ್ಸೆಯಿಲ್ಲದೆ ತಾನಾಗಿ ಇಳಿಯುತ್ತದೆ. ಈಕೆಗೆ ಏಳನೇ ವಾರ. ಇಳಿದಿರಲಿಲ್ಲ, ಏರಿತ್ತು. ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸಿದ್ದು ನಿದ್ದೆ. ಮಗು ಎಬ್ಬಿಸುವುದರಿಂದ ಯಾವ ತಾಯಿಗೂ ನಿದ್ದೆ ಕಡಿಮೆ. ಆದರೆ ಈಕೆಗೆ ಮಗು ಮಲಗಿದಾಗಲೂ ನಿದ್ದೆ ಬರುತ್ತಿರಲಿಲ್ಲ. ರಾತ್ರಿ ಮೂರಕ್ಕೆ ಫೋನ್ ಹಿಡಿದು, ಸಿಗ್ನಲ್ ಇಲ್ಲದಿದ್ದರೂ, ಗಂಡ ಕೊನೆಯ ಬಾರಿ ಆನ್‌ಲೈನ್ ಇದ್ದ ಸಮಯ ನೋಡುತ್ತಿದ್ದಳು. ಊಟ ರುಚಿಸುತ್ತಿರಲಿಲ್ಲ. ಹಾಲು ಕುಡಿಸುತ್ತಿದ್ದಳು, ಆದರೆ ಮಗುವಿನ ಮುಖ ನೋಡುತ್ತಿರಲಿಲ್ಲ. ಮಗು ಮೊಲೆ ಬಿಟ್ಟರೆ ಅಲ್ಲಿಗೆ ಮುಗಿಯಿತು, ಮತ್ತೆ ಹಿಡಿಸುವ ತ್ರಾಣವಿಲ್ಲ. ತೂಕ ನಿಂತಿದ್ದರ ಕಾರಣ ಬಹುಪಾಲು ಅದೇ.

"ಮಳೆಗಾಲದ ಸೌದೆ ಥರ ಆಗಿದೀನಿ ಅಕ್ಕ. ಎಷ್ಟು ಊದಿದ್ರೂ ಹೊಗೆ ಮಾತ್ರ" ಎಂದಳು.

ಎಡಿನ್‌ಬರೋ ಮಾಪನವನ್ನು ಕನ್ನಡದಲ್ಲಿ ಓದಿ ಹೇಳಿ ಉತ್ತರ ಪಡೆದೆ. 1987ರಿಂದ ಬಳಕೆಯಲ್ಲಿರುವ ಈ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಟ್ಟು ಅಂಕ 30. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ ಬಲವಾಗಿದೆ ಎಂದರ್ಥ. ರೋಗನಿರ್ಣಯ ವೈದ್ಯರದೇ ಕೆಲಸ. ಈಕೆಗೆ 19 ಬಂತು. ಹತ್ತನೇ ಪ್ರಶ್ನೆ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ "ಕೆಲವೊಮ್ಮೆ" ಎಂದಳು. ಒಟ್ಟು ಅಂಕ ಎಷ್ಟೇ ಇರಲಿ, ಆ ಒಂದು ಉತ್ತರಕ್ಕೆ ಅಂದೇ ಕೂತು ಮಾತಾಡಬೇಕು. ನೇರವಾಗಿಯೇ ಕೇಳಿದೆ: ಸಾಯಬೇಕು ಅನ್ನಿಸುತ್ತದೆಯೇ, ಹೇಗೆಂದು ಯೋಚಿಸಿದ್ದೀಯಾ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಭಯವಿದೆಯೇ, ಯಾರದಾದರೂ ದನಿ ಕೇಳಿಸುತ್ತದೆಯೇ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಕೇಳಿದ್ದರಿಂದ ಹಗುರಾದವರನ್ನೇ ನಾನು ಕಂಡಿದ್ದೇನೆ. ಆಕೆ ಹೇಳಿದ್ದು: "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಏಳ್ದೇ ಹೋದ್ರೆ ಸಾಕು ಅನ್ಸುತ್ತೆ." ಯೋಜನೆ ಇರಲಿಲ್ಲ, ದನಿಗಳಿರಲಿಲ್ಲ. ಮಗುವಿಗೆ ಹಾನಿ ಮಾಡುವ ಯೋಚನೆ ಇರಲಿಲ್ಲ, ಮಗು ತನ್ನ ಕೈಯಲ್ಲಿ ಉಳಿಯುವುದಿಲ್ಲ ಎಂಬ ಭಯವಿತ್ತು.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವಿಶ್ಲೇಷಣೆಯೊಂದು ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೆರಿಗೆಯ ನಂತರದ ಖಿನ್ನತೆ ಸುಮಾರು 22% ತಾಯಂದಿರಲ್ಲಿದೆ ಎಂದಿತ್ತು. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಅತ್ತೆಗೆ ಈ ಲೆಕ್ಕ ಹೇಳಿದೆ. ಅವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಕೋವಿ ಮತ್ತು ತೋಟದ ಔಷಧಿ

ಬಯಲುಸೀಮೆಯ ಆರೋಗ್ಯ ಕಾರ್ಯಕರ್ತೆಗೆ ಈ ಭಾಗ ಬೇಕಾಗಲಿಕ್ಕಿಲ್ಲ. ಕೊಡಗಿನವರಿಗೆ ಇದೇ ಮುಖ್ಯ.

ನಮ್ಮ ಮನೆಗಳಲ್ಲಿ ಕೋವಿ ಇರುತ್ತದೆ. ಶಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಇರುವವರಿಗೂ ವಿನಾಯಿತಿ ಇದೆ. ಉಳಿದವರಲ್ಲೂ ಪರವಾನಗಿ ಇರುವವರಿದ್ದಾರೆ. ತೋಟದ ಮನೆಯೆಂದ ಮೇಲೆ ಕೀಟನಾಶಕ, ಕಳೆನಾಶಕ ಇದ್ದೇ ಇರುತ್ತವೆ. ಬೆಳಿಗ್ಗೆ ಏಳದಿದ್ದರೆ ಸಾಕು ಎನ್ನುವವಳೊಬ್ಬಳು ಮನೆಯಲ್ಲಿದ್ದಾಗ ಇವೆರಡೂ ಕೈಗೆ ಸಿಗಬಾರದು. ಇಂಥ ಯೋಚನೆ ಅಲೆಯಂತೆ ಬಂದು ಇಳಿಯುವಂಥದು. ಆ ಹೊತ್ತಿನಲ್ಲಿ ಸಾಧನ ದೂರವಿದ್ದರೆ ಜೀವ ಉಳಿಯುತ್ತದೆ.

ಮಾವನೊಂದಿಗೆ ಮಾತಾಡಲು ಆಕೆಯ ಒಪ್ಪಿಗೆ ಕೇಳಿದೆ. "ಕೋವಿ ವಿಷಯ ಮಾತ್ರ ಹೇಳಿ" ಎಂದಳು. ನಿವೃತ್ತ ಹವಾಲ್ದಾರರಿಗೆ ಅವರ ಮನೆಯ ಕೋವಿ ಎಲ್ಲಿರಬೇಕೆಂದು ಹೇಳುವುದು ಸಣ್ಣ ಮಾತಲ್ಲ. ವಿಷಯವನ್ನು ಸುತ್ತು ಬಳಸದೆ, ಬಾಣಂತಿಗೆ ಮನಸ್ಸು ಕುಗ್ಗಿದೆ, ಕೆಲವು ತಿಂಗಳು ಕೋವಿಯೂ ವಿಷವೂ ಬೀಗದೊಳಗಿರಬೇಕು ಎಂದೆ. ಅವರು ಸ್ವಲ್ಪ ಹೊತ್ತು ಅಂಗಳ ನೋಡಿದರು. ಆಮೇಲೆ ಹೇಳಿದ್ದು: "ನಮ್ಮಲ್ಲಿ ಕೋತ್ ಬೇರೆ, ಮ್ಯಾಗಜೀನ್ ಬೇರೆ. ಇಲ್ಲೂ ಹಾಗೇ ಮಾಡ್ತೀನಿ." ಪಲ್ಟನ್ನಿನಲ್ಲಿ ಆಯುಧದ ಕೋಣೆ ಒಂದು ಕಡೆ, ಮದ್ದುಗುಂಡಿನ ಕೋಣೆ ಇನ್ನೊಂದು ಕಡೆ. ಕೋವಿ ಬೀಗ ಹಾಕಿದ ಪೆಟ್ಟಿಗೆಗೆ ಹೋಯಿತು, ತೋಟಾಗಳು ಬೇರೆ ಕಡೆ, ಎರಡರ ಬೀಗದ ಕೈಯೂ ಅವರ ಸೊಂಟದಲ್ಲಿ. ಔಷಧಿ ಡಬ್ಬಗಳು ಮನೆಯಿಂದ ದೂರದ ಶೆಡ್ಡಿಗೆ ಹೋದವು.

ಅದಕ್ಕೆ ಅವರೇ ಇನ್ನೊಂದು ಕಾರಣ ಸೇರಿಸಿದರು. ನಾಟಿ ಕಾಲದಲ್ಲಿ ಆಯುಧವನ್ನು ಕನ್ನಿಕೊಂಬರೆ ಎಂಬ ಪೂಜಾಕೋಣೆಯಲ್ಲಿಟ್ಟು, ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬಕ್ಕೆ ಹೊರತೆಗೆದು ಪೂಜಿಸುವುದು ಹಿಂದಿನಿಂದ ಬಂದದ್ದು. "ಮಳೆಗಾಲದಲ್ಲಿ ಕೋವಿ ಒಳಗಿರೋದೇ ಸರಿ, ಯಾರೂ ಏನೂ ಕೇಳಲ್ಲ" ಎಂದರು. ಮನೆಯ ಗೌರವವೂ ಉಳಿಯಿತು, ಆಕೆಯ ಗುಟ್ಟೂ ಉಳಿಯಿತು. ನಾನು ಇದನ್ನು ಈಗ ಬೇರೆ ಮನೆಗಳಲ್ಲೂ ಹೇಳುತ್ತೇನೆ. ಆದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೋವಿ ಮತ್ತೆ ಹೊರಬರುತ್ತದೆ ಎಂಬುದನ್ನು ಅಂದೇ ಬರೆದಿಟ್ಟುಕೊಂಡೆವು.

ಚಿಕಿತ್ಸೆ, ಮತ್ತು ಸಂತ್ರಿ ಡ್ಯೂಟಿ

ಆ ವಾರವೇ ಮಡಿಕೇರಿಯಲ್ಲಿ ಮನೋವೈದ್ಯರನ್ನು ಕಂಡೆವು. ಹಿಮೋಗ್ಲೋಬಿನ್ 9.2 ಇತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗಿ ಖಿನ್ನತೆಯಂತೆಯೇ ಕಾಣುವುದುಂಟು, ಈಕೆಗೆ ಸರಿಯಾಗಿತ್ತು. ಕಬ್ಬಿಣದ ಮಾತ್ರೆಯ ಜತೆ ಸರ್ಟ್ರಲೀನ್ 25 ಮಿ.ಗ್ರಾಂ. ಶುರುಮಾಡಿ, ಮುಂದೆ 50ಕ್ಕೆ ಏರಿಸಿದರು. ಮಾತ್ರೆ ತೆಗೆದುಕೊಂಡರೆ ಹಾಲು ಬಿಡಿಸಬೇಕು ಎಂದು ಅತ್ತೆ ಗಟ್ಟಿಯಾಗಿ ನಂಬಿದ್ದರು. ಈ ಔಷಧಿ ಎದೆಹಾಲಿಗೆ ಹೋಗುವ ಪ್ರಮಾಣ ಬಹಳ ಕಡಿಮೆ, ಹಾಲೂಡಿಸುವ ತಾಯಂದಿರಿಗೆ ವೈದ್ಯರು ಮೊದಲು ಯೋಚಿಸುವ ಔಷಧಿಗಳಲ್ಲಿ ಇದೂ ಒಂದು. ಇದನ್ನು ವೈದ್ಯರ ಬಾಯಿಂದಲೇ ಅತ್ತೆಗೆ ಹೇಳಿಸಿದೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು ಎಂಬುದನ್ನು ಆಕೆಗೆ ಹೇಳಿಸಿದೆ, ಯಾಕೆಂದರೆ ಐದನೇ ದಿನಕ್ಕೆ ಏನೂ ಆಗಲಿಲ್ಲವೆಂದು ಮಾತ್ರೆ ಬಿಡುವವರೇ ಹೆಚ್ಚು.

ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಎಂದು ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತಾಡಬಹುದು, ಹಗಲೂ ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ. ಆಕೆ ಮಾಡಿದ್ದು ಒಂದೇ ರಾತ್ರಿ. ಆ ರಾತ್ರಿ ಸಿಗ್ನಲ್ ಇತ್ತು.

ಮಾತ್ರೆಯಷ್ಟೇ ಮುಖ್ಯವಾದದ್ದು ನಿದ್ದೆ. ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗದಿದ್ದರೆ ಯಾವ ಔಷಧಿಯೂ ಪೂರಾ ಕೆಲಸ ಮಾಡುವುದಿಲ್ಲ. ಯಾರಾದರೂ ಒಂದು ಪಾಳಿ ಮಗುವನ್ನು ನೋಡಿಕೊಳ್ಳಬೇಕು, ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸಬೇಕು ಎಂದೆ. ಅತ್ತೆಗೆ ಮಂಡಿನೋವು, ರಾತ್ರಿ ಏಳುವುದು ಕಷ್ಟ. ಮೂಲೆಯಲ್ಲಿ ಕೂತಿದ್ದ ಮಾವ, "ರಾತ್ರಿ ಹತ್ತರಿಂದ ಎರಡು ನನ್ನ ಡ್ಯೂಟಿ" ಎಂದರು. ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ರೋಸ್ಟರ್ ಬರೆದರು: ಯಾರು, ಎಷ್ಟರಿಂದ ಎಷ್ಟು, ಮಗು ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಕುಡಿಯಿತು. ಹಾಲನ್ನು ಹಿಂಡುವುದು, ಚೊಕ್ಕ ಪಾತ್ರೆಯಲ್ಲಿ ಮುಚ್ಚಿಡುವುದು, ಒಳಲೆ ಕುದಿಸುವುದು, ಎಲ್ಲವನ್ನೂ ಒಂದು ಸಲ ತೋರಿಸಿದ್ದಕ್ಕೆ ಅವರು ಮತ್ತೆ ಕೇಳಲಿಲ್ಲ. ಮನಸ್ಸಿನ ಕಾಯಿಲೆ ಎಂಬ ಮಾತನ್ನು ಒಮ್ಮೆಯೂ ಆಡದ ಮನುಷ್ಯ ರಾತ್ರಿ ಕಾವಲು ಎಂದ ಕೂಡಲೇ ಎದ್ದು ನಿಂತರು. ಸೈನಿಕರ ಮನೆಗಳಲ್ಲಿ ಕೆಲಸ ಮಾಡುವವರು ಮನೆಯ ಗಂಡಸರನ್ನು ಹೊರಗಿಟ್ಟು ಹೆಂಗಸರೊಂದಿಗೆ ಮಾತ್ರ ಮಾತಾಡುವುದು ಎಷ್ಟು ದೊಡ್ಡ ನಷ್ಟ ಎಂದು ನನಗೆ ಅಲ್ಲಿ ಕಂಡಿತು.

ಸಂಘದ ಹೆಂಗಸರು ಪಾಳಿ ಹಾಕಿಕೊಂಡು ಹಗಲು ಬಂದರು. ಒಬ್ಬರು ಜೀಪಿನಲ್ಲಿ ಲಸಿಕೆಗೆ ಕರೆದೊಯ್ದರು, ಇನ್ನೊಬ್ಬರು ಬಂದು ಕನ್ನಡದಲ್ಲಿ ಹರಟೆ ಹೊಡೆದು ಹೋದರು. ಅವರಿಗೆ ಗೊತ್ತಿದ್ದದ್ದು ಬಾಣಂತಿಗೆ ರಕ್ತ ಕಡಿಮೆ, ಸುಸ್ತು ಎಂಬಷ್ಟೇ. ಅದು ಸುಳ್ಳಾಗಿರಲಿಲ್ಲ. ಪೂರ್ತಿ ಹೇಳುವ ಹಕ್ಕು ಆಕೆಯದು, ನನ್ನದಲ್ಲ.

ಗಂಡನಿಗೆ ಹೇಳುವುದು

ಇಲ್ಲಿ ಬಹಳ ದಿನ ಸಿಕ್ಕಿಕೊಂಡೆವು. "ಅವರಿಗೆ ಹೇಳ್ಬೇಡಿ, ಅಲ್ಲಿ ಗನ್ ಹಿಡ್ಕೊಂಡು ನಿಂತಿರ್ತಾರೆ" ಎಂದು ಆಕೆ ಕೈ ಹಿಡಿದುಕೊಂಡಳು. ಅತ್ತೆ ಮಾವ ಕೂಡ ಅದನ್ನೇ ಹೇಳಿದರು. ಸೈನಿಕರ ಮನೆಗಳಲ್ಲಿ ಇದು ಬರೆಯದ ಕಾನೂನು: ಕೆಟ್ಟದ್ದನ್ನು ಅವನ ಕಿವಿಗೆ ಹಾಕಬಾರದು. ಅಪ್ಪನಿಗೆ ಹೃದಯಾಘಾತವಾದರೂ ರಜೆಗೆ ಬಂದ ಮೇಲೇ ತಿಳಿಯಬೇಕು.

ನನ್ನ ಅಭಿಪ್ರಾಯ ಬೇರೆ. ಮನೆಯಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವರಿಗೆ ದನಿಯಲ್ಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ, ಏನೆಂದು ತಿಳಿಯದೆ ಕಾಡುವ ಚಿಂತೆ, ತಿಳಿದು ಪಡುವ ಚಿಂತೆಗಿಂತ ಕೆಟ್ಟದ್ದು. ಆದರೆ ಆಕೆಯ ಭಯದಲ್ಲೂ ನ್ಯಾಯವಿತ್ತು. ಕಾವಲಿನಲ್ಲಿ ಒಂಟಿಯಾಗಿ ನಿಂತವನಿಗೆ ಇಂಥ ಸುದ್ದಿ ಫೋನಿನಲ್ಲಿ ಅಪ್ಪಳಿಸಬಾರದು. ಹಾಗಾಗಿ ಹೇಳುವುದೋ ಬೇಡವೋ ಎಂಬ ಪ್ರಶ್ನೆ ಬಿಟ್ಟು, ಹೇಗೆ ಹೇಳುವುದು ಎಂದು ಕೂತು ಯೋಚಿಸಿದೆವು. ಆತ ಡ್ಯೂಟಿ ಮುಗಿಸಿ ಬಂದ ಮೇಲೆ, ಹತ್ತಿರ ಹಿರಿಯರೊಬ್ಬರು ಇರುವಾಗ. ಪಲ್ಟನ್ನಿನಲ್ಲಿ ರೆಜಿಮೆಂಟಿನ ವೈದ್ಯಾಧಿಕಾರಿ ಇರುತ್ತಾರೆ, ಧರ್ಮಗುರು ಇರುತ್ತಾರೆ, ಜವಾನರ ಮನೆಯ ಸಂಗತಿ ಕೇಳುವ ಸುಬೇದಾರ್ ಸಾಹೇಬರು ಇರುತ್ತಾರೆ. ಮೊದಲು ಆಕೆಯೇ ಗಂಡನಿಗೆ ಒಂದು ಧ್ವನಿಸಂದೇಶ ಕಳಿಸಿದಳು: "ಮಗು ಚೆನ್ನಾಗಿದೆ. ನನ್ನ ಆರೋಗ್ಯದ ಬಗ್ಗೆ ಮಾತಾಡೋದಿದೆ. ನಿಮ್ಮ ಸುಬೇದಾರ್ ಸಾಹೇಬ್ರು ಹತ್ರ ಇದ್ದಾಗ ಫೋನ್ ಮಾಡಿ." ಆತ ಮಾಡಿದ. ನಾನೂ ಪಕ್ಕದಲ್ಲಿದ್ದೆ. ಆತ ಅತ್ತ. ಆಕೆ ಅಂದು ಮೊದಲ ಸಲ ತುಟಿ ಕಚ್ಚದೆ ಅತ್ತಳು. ಗಡಿಯಲ್ಲಿ ಕೇಡೇನೂ ಆಗಲಿಲ್ಲ.

ರಜೆಗೆ ವೈದ್ಯರ ಪತ್ರ ಬೇಕಾಯಿತು. ಮನೋರೋಗ ವಿಭಾಗದ ಹೆಸರಿರುವ ಕಾಗದ ಪಲ್ಟನ್ನಿನ ಕ್ಲರ್ಕಿನ ಮೇಜಿಗೆ ಹೋಗುವುದು ಆಕೆಗೆ ಬೇಡವಾಗಿತ್ತು. ಅಲ್ಲಿ ಕೊಡಗಿನವರು ಇನ್ನೂ ಇಬ್ಬರಿದ್ದರು. ಹೆರಿಗೆಯ ನಂತರದ ಆರೋಗ್ಯ ಸಮಸ್ಯೆಗೆ ಚಿಕಿತ್ಸೆಯಲ್ಲಿದ್ದಾರೆ, ಪತಿಯ ಉಪಸ್ಥಿತಿ ಅಗತ್ಯ ಎಂದು ವೈದ್ಯರು ಬರೆದುಕೊಟ್ಟರು. ಅದರಲ್ಲಿ ಸುಳ್ಳಿಲ್ಲ, ಬೇಕಾದ್ದಕ್ಕಿಂತ ಹೆಚ್ಚೂ ಇಲ್ಲ. ಕಮಾಂಡಿಂಗ್ ಅಧಿಕಾರಿಗೆ ತಿಳಿಯಬೇಕಾದ್ದನ್ನು ವೈದ್ಯಾಧಿಕಾರಿಯ ಮೂಲಕ ಆತನೇ ಮಾತಿನಲ್ಲಿ ಹೇಳಿದ.

ಕಾಗದಪತ್ರ

ಇದು ಚಿಕಿತ್ಸೆಯ ಭಾಗವಲ್ಲ ಎಂದು ಕೆಲವರು ಅಂದುಕೊಳ್ಳಬಹುದು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಮಾವನ ಇಸಿಎಚ್‌ಎಸ್ ಕಾರ್ಡಿನಲ್ಲಿ ಸೊಸೆಗೂ ಚಿಕಿತ್ಸೆ ಸಿಗುತ್ತದೆ ಎಂದು ಮನೆಯವರು ನಂಬಿದ್ದರು. 2003ರಲ್ಲಿ ಶುರುವಾದ ಆ ಯೋಜನೆ ನಿವೃತ್ತ ಸೈನಿಕನಿಗೆ ಮತ್ತು ಅವನ ಅವಲಂಬಿತರಿಗೆ. ಸೊಸೆ ಆ ಲೆಕ್ಕದಲ್ಲಿ ಬರುವುದಿಲ್ಲ. ಸೇವೆಯಲ್ಲಿರುವವನ ಹೆಂಡತಿಗೆ ಹಕ್ಕಿರುವುದು ಸೇನಾ ಆಸ್ಪತ್ರೆಯಲ್ಲಿ, ಅಂದರೆ ನಮಗೆ ಕಣ್ಣೂರು ಅಥವಾ ಬೆಂಗಳೂರು. ಮಳೆಗಾಲದಲ್ಲಿ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗುವುದನ್ನು ಎಳೆಮಗುವಿನ ತಾಯಿಗೆ ಹೇಳುವವರು ಯಾರು?

ಅಲ್ಲಿಗೆ ಹೋಗಿದ್ದರೂ ಆಕೆಯ ಕೈಯಲ್ಲಿ ಅವಲಂಬಿತರ ಕಾರ್ಡ್ ಇರಲಿಲ್ಲ. ಮದುವೆಯ ಪಾರ್ಟ್ ಟೂ ಆರ್ಡರ್, ಅಂದರೆ ಅದನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ, ಆಗಿತ್ತು, ಕಾರ್ಡ್ ಮಾಡಿಸಿರಲಿಲ್ಲ. ಮಗುವಿನದು ಏನೂ ಆಗಿರಲಿಲ್ಲ, ಯಾಕೆಂದರೆ ಜನನ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಆತ ಹೊರಟಿದ್ದ. ಪಾರ್ಟ್ ಟೂ ಆರ್ಡರ್ ಆಗದಿದ್ದರೆ ಸೇನೆಯ ದಾಖಲೆಯಲ್ಲಿ ಆ ಮಗು ಹುಟ್ಟಿಯೇ ಇಲ್ಲ. ಸಂಘದ ಒಬ್ಬ ಹಿರಿಯರು ಜನನ ಪ್ರಮಾಣಪತ್ರ ತೆಗೆಸಿ, ಪ್ರತಿಗಳನ್ನು ಪಲ್ಟನ್ನಿಗೆ ಕಳಿಸಿ, ಬೆನ್ನು ಹತ್ತಿ ಕೆಲಸ ಮುಗಿಸಿದರು. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ನಿವೃತ್ತರು ಮಾತ್ರ ಹೋಗಬೇಕೆಂದು ಬಹಳ ಮನೆಗಳಲ್ಲಿ ತಿಳಿದಿದ್ದಾರೆ. ಸೇವೆಯಲ್ಲಿರುವವರ ಮನೆಯವರೂ ಹೋಗಬಹುದು, ಹೋಗಬೇಕು. ಮಗುವಿನ ಹೆಸರು ದಾಖಲಾದ ಆದೇಶದ ಫೋಟೋ ಬಂದ ದಿನ ಆಕೆ ಅದನ್ನು ನನಗೆ ತಾನಾಗಿಯೇ ಕಳಿಸಿದಳು.

ಮುಂದೆ

ಜೂನ್ ಕೊನೆಗೆ ನಿದ್ದೆ ಕೂಡಿಬಂತು. ಜುಲೈ ಮಧ್ಯದ ಹೊತ್ತಿಗೆ ಅಂಕ 12ಕ್ಕೆ ಇಳಿಯಿತು. ಮಗುವಿನ ತೂಕ ಏರತೊಡಗಿತು, ತಪ್ಪಿದ್ದ ಲಸಿಕೆಗಳು ಆದವು. ಜುಲೈ ಕೊನೆಯಲ್ಲಿ ಗಂಡ ಬಂದ. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅತ್ತೆ ಮದ್ದುಸೊಪ್ಪಿನ ಪಾಯಸ ಮಾಡಿದಾಗ ಆಕೆ ಎರಡನೇ ಸಲ ಹಾಕಿಸಿಕೊಂಡಳಂತೆ. ಅತ್ತೆ ಅದನ್ನು ನನಗೆ ಫೋನ್ ಮಾಡಿ ಹೇಳಿದರು. ಸೊಸೆಗೆ ಬಂದದ್ದು ಕಾಯಿಲೆ ಎಂದು ಅವರು ಇವತ್ತಿಗೂ ಒಪ್ಪಿಲ್ಲ. ಮಾತ್ರೆ ಮುಗಿಯುವ ಮೂರು ದಿನ ಮೊದಲು ನೆನಪಿಸುವುದೂ ಅವರೇ.

ಆತ ಮತ್ತೆ ಹೊರಟದ್ದು ಆಗಸ್ಟ್ ಮೂರನೇ ವಾರ. ಅದಕ್ಕೆ ನಾವು ಮೊದಲೇ ತಯಾರಾಗಿದ್ದೆವು. ಸಿಗ್ನಲ್ ಇಲ್ಲದ ದಿನಕ್ಕೆಂದು ಆತ ಮಗುವಿಗೆ ಮಾತಾಡಿದ ಧ್ವನಿಗಳನ್ನು ಫೋನಿನಲ್ಲಿ ತುಂಬಿಟ್ಟು ಹೋದ. ಫೋನ್ ಬಾರದ ದಿನವನ್ನು ಯಾವುದರ ಸೂಚನೆಯೆಂದೂ ತಿಳಿಯಬಾರದು ಎಂದು ಇಬ್ಬರೂ ಮಾತಾಡಿಕೊಂಡರು. ಸುದ್ದಿ ಚಾನೆಲ್ ದಿನಕ್ಕೆ ಒಂದು ಸಲ, ಅದೂ ಸಂಜೆ, ಬಾಗಿಲು ಹಾಕಿ ಎಂದು ಮಾವ ತಾವಾಗಿ ಹೇಳಿದರು. ಹೋದ ಎರಡನೇ ವಾರ ಅಂಕ 8ರಿಂದ 11ಕ್ಕೆ ಏರಿತು. ಹತ್ತನೇ ಪ್ರಶ್ನೆಗೆ "ಇಲ್ಲ" ಎಂದೇ ಉತ್ತರಿಸಿದಳು. ಅದೇ ವಾರ ಕೈಲ್‌ಪೊಳ್ದ್ ಬಂತು. ಕೋವಿ ಪೂಜೆಗೆ ಹೊರಬಂದು, ಹೂ ಮುಡಿದು, ಅಂದು ಸಂಜೆಯೇ ಪೆಟ್ಟಿಗೆಗೆ ಮರಳಿತು. ತೆಂಗಿನಕಾಯಿಗೆ ಗುರಿ ಹೊಡೆಯುವ ಆಟಕ್ಕೆ ಮಾವ ಆ ವರ್ಷ ಹೋಗಲಿಲ್ಲ. ಅಕ್ಟೋಬರ್‌ನಲ್ಲಿ ಅಂಕ 7.

ಯಾವ ಪಟ್ಟಿಯಲ್ಲಿ?

ಈ ಪ್ರಕರಣದಲ್ಲಿ ಯಾರೂ ಕೆಟ್ಟವರಿಲ್ಲ. ಆಶಾ ತನ್ನ ಕೆಲಸ ಮಾಡಿದರು, ವೈದ್ಯರು ಮಾಡಿದರು, ಪಲ್ಟನ್ ರಜೆ ಕೊಟ್ಟಿತು. ಆದರೂ ಈ ಹೆಣ್ಣುಮಗಳು ಕೈತಪ್ಪಿ ಹೋಗುವ ಹಂತಕ್ಕೆ ಬಂದಿದ್ದಳು. ಕಾರಣ, ಆಕೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಗಂಡನನ್ನು ಕಳೆದುಕೊಂಡವರಿಗೆ ವೀರನಾರಿಯರ ಪಟ್ಟಿ ಇದೆ, ನಿವೃತ್ತರಿಗೆ ಇಸಿಎಚ್‌ಎಸ್ ಇದೆ. ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿರುವವರಿಗೆ ಆವಾ ಎಂಬ ಸೇನಾ ಪತ್ನಿಯರ ಕಲ್ಯಾಣ ಸಂಘಟನೆಯ ಹೆಂಗಸರಿದ್ದಾರೆ, ಪಕ್ಕದ ಬಾಗಿಲಲ್ಲಿ ಅದೇ ಬದುಕು ಬದುಕುವ ಇನ್ನೊಬ್ಬಳಿದ್ದಾಳೆ. ಗಂಡ ಬದುಕಿದ್ದು, ಸೇವೆಯಲ್ಲಿದ್ದು, ಹೆಂಡತಿ ತೋಟದ ಮನೆಯಲ್ಲಿದ್ದರೆ ಅವಳನ್ನು ಎಣಿಸುವವರಿಲ್ಲ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಸಿಕ್ಕಿದರೂ ಉಳಿದ ಒಂಬತ್ತು ತಿಂಗಳು ಅವಳು ಒಂಟಿ. ಕೊಡಗಿನಲ್ಲಿ ಇಂಥ ಮನೆ ಇಲ್ಲದ ಊರನ್ನು ನಾನು ಕಂಡಿಲ್ಲ.

ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಬರೆಯುತ್ತೇವೆ. ಆತ ಎಲ್ಲಿದ್ದಾನೆ, ಹೆರಿಗೆಯ ಮುಂದಿನ ಮೂರು ತಿಂಗಳು ಮನೆಯಲ್ಲಿರುತ್ತಾನೆಯೇ ಎಂದು ಬಸಿರಿನಲ್ಲೇ ಕೇಳಿ ಬರೆದುಕೊಳ್ಳಿ ಎಂದು ನಮ್ಮ ಸುತ್ತಲಿನ ಆಶಾಗಳಲ್ಲಿ ಕೇಳಿಕೊಂಡಿದ್ದೇನೆ. ಕೆಲವರು ಕಾರ್ಡಿನ ಮೇಲ್ತುದಿಯಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕತೊಡಗಿದ್ದಾರೆ. ಅಂಥ ಮನೆಯ ಬಾಣಂತಿಗೆ ಆರನೇ ವಾರ ಹತ್ತು ಪ್ರಶ್ನೆ ಕೇಳುತ್ತೇವೆ. ಗಂಡ ರಜೆ ಮುಗಿಸಿ ಹೋದ ಎರಡು ವಾರಕ್ಕೆ ಇನ್ನೊಮ್ಮೆ. ಈ ಎರಡನೆಯದು ಯಾವ ಕೈಪಿಡಿಯಿಂದ ಬಂದದ್ದೂ ಅಲ್ಲ, ಈ ಮನೆಯಿಂದ ಕಲಿತದ್ದು.

ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ವೈದ್ಯರನ್ನು ಮತ್ತೆ ಕಂಡೆವು. ಚೇತರಿಸಿಕೊಂಡ ಮೇಲೂ ಆರು ತಿಂಗಳಾದರೂ ಔಷಧಿ ಮುಂದುವರಿಸಬೇಕು, ಆಮೇಲೆ ನಿಧಾನಕ್ಕೆ ಇಳಿಸಬಹುದು ಎಂದರು. ಲೆಕ್ಕ ಹಾಕಿದರೆ ಅದು ಫೆಬ್ರುವರಿ ಸುಮಾರಿಗೆ ಬರುತ್ತದೆ. ಗಂಡನ ಮುಂದಿನ ರಜೆ ಮುಗಿಯುವುದೂ ಫೆಬ್ರುವರಿಯಲ್ಲೇ. ಆತ ರೈಲು ಹತ್ತುವ ವಾರವೇ ಮಾತ್ರೆ ಇಳಿಸುವುದು ಬೇಡ ಎಂದು ಆಕೆಯೇ ವೈದ್ಯರಿಗೆ ಹೇಳಿದಳು. ಆತ ಹೋಗಿ ಒಂದು ತಿಂಗಳಾದ ಮೇಲೆ, ಹತ್ತು ಪ್ರಶ್ನೆಗಳಿಗೆ ಇನ್ನೊಮ್ಮೆ ಉತ್ತರ ಬರೆದು, ಏಪ್ರಿಲ್ ಹೊತ್ತಿಗೆ ಶುರುಮಾಡುವುದೆಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದಾಳೆ.